ಮನೆಯಂಗಳದ ಒಂದೆಲಗ: ಎಲ್ಲಿ ನೆಡಬೇಕು, ಎಷ್ಟು ತಿನ್ನಬೇಕು?

ಮಲ್ಲೇಶ್ವರದ ಬಾಲ್ಕನಿ

ಎಲ್ಲರಿಗೂ ನಮಸ್ಕಾರ. ಮಳೆಗಾಲದಲ್ಲಿ ತೀರ್ಥಹಳ್ಳಿಯ ಅಣ್ಣನ ಮನೆಯಿಂದ ಒಂದೆಲಗದ ಬಳ್ಳಿ ತಂದು ಕುಂಡದಲ್ಲಿ ನೆಟ್ಟಿದ್ದೆ. ಮೊದಮೊದಲು ಚೆನ್ನಾಗಿ ಹಬ್ಬಿತು. ಈಗ ಬಿಸಿಲು ಶುರುವಾದ ಮೇಲೆ ಎಲೆ ಎಂಟಾಣೆ ಅಗಲಕ್ಕಿಂತ ದೊಡ್ಡದಾಗುತ್ತಿಲ್ಲ. ಅಂಚು ಕೆಂಪಗಾಗಿದೆ, ಬಾಯಿಗೆ ಹಾಕಿಕೊಂಡರೆ ನಾರು ಸಿಗುತ್ತದೆ. ಕುಂಡ ಇರುವುದು ಪೂರ್ವದ ಬಾಲ್ಕನಿಯಲ್ಲಿ, ಮಧ್ಯಾಹ್ನದವರೆಗೂ ಒಳ್ಳೆ ಬಿಸಿಲು ಬೀಳುತ್ತದೆ. ಊರಲ್ಲಿ ಯಾರೂ ನೋಡಿಕೊಳ್ಳದೇ ಬೆಳೆಯುವ ಸೊಪ್ಪು, ಇಲ್ಲಿ ಇಷ್ಟು ನೋಡಿಕೊಂಡರೂ ಯಾಕೆ ಹೀಗೆ?

ಇನ್ನೊಂದು ಪ್ರಶ್ನೆ. ಮಗ ಎಂಟನೇ ಕ್ಲಾಸು. ನಮ್ಮ ಅತ್ತೆಯವರು ಅವನಿಗೆ ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದೆಲಗದ ರಸ ಕುಡಿಸೋಣ, ನೆನಪಿನ ಶಕ್ತಿ ಹೆಚ್ಚುತ್ತದೆ ಅನ್ನುತ್ತಿದ್ದಾರೆ. ತಂಬುಳಿ ನಾವೆಲ್ಲ ತಿಂದೇ ಬೆಳೆದವರು, ಅದರ ಬಗ್ಗೆ ಭಯ ಇಲ್ಲ. ದಿನಾ ರಸ ಅಂದರೆ ಮಾತ್ರ ಸ್ವಲ್ಪ ಯೋಚನೆ. ಗೊತ್ತಿದ್ದವರು ಹೇಳಿ.

ಸಾಗರದ ತೋಟಿಗ

ಅಕ್ಕಾ, ಬಿಸಿಲು ಜಾಸ್ತಿಯಾಗಿದೆ, ಅಷ್ಟೇ. ಗಿಡಕ್ಕೆ ರೋಗ ಏನೂ ಇಲ್ಲ.

ನಮ್ಮ ಕಡೆ ಒಂದೆಲಗ ಎಲ್ಲಿ ಚೆನ್ನಾಗಿ ಬರುತ್ತದೆ ನೆನಪಿಸಿಕೊಳ್ಳಿ. ಅಡಿಕೆ ತೋಟದ ಬಸಿಗಾಲುವೆ ಅಂಚು, ಬಾವಿಕಟ್ಟೆಯ ಬುಡ, ಗದ್ದೆ ಬದುವಿನಲ್ಲಿ ನೆರಳು ಬೀಳುವ ಬದಿ. ತೇವ ಸದಾ ಇರುತ್ತದೆ, ಬಿಸಿಲು ಮರದ ಸಂದಿಯಿಂದ ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ. ಅಲ್ಲಿ ಎಲೆ ಅಂಗೈ ಅರ್ಧದಷ್ಟು ಆಗುತ್ತದೆ, ತೊಟ್ಟು ಗೇಣುದ್ದ ಎದ್ದು ನಿಲ್ಲುತ್ತದೆ. ಅದೇ ಬಳ್ಳಿ ಹೊರಗಿನ ಬಯಲಿಗೆ ಹರಿದರೆ ಎಲೆ ಗುಂಡಿಯಷ್ಟಾಗಿ ನೆಲಕ್ಕೆ ಅಂಟಿಕೊಳ್ಳುತ್ತದೆ. ಎರಡೂ ಒಂದೇ ಗಿಡ. ಜಾಗ ಬೇರೆ.

ನೀವು ಮಾಡಬೇಕಾದ್ದು ಇಷ್ಟು. ಕುಂಡವನ್ನು ದೊಡ್ಡ ಗಿಡದ ಬುಡಕ್ಕೆ ಸರಿಸಿ, ಅಥವಾ ಅರ್ಧ ಬಿಸಿಲು ತಡೆಯುವ ಹಸಿರು ನೆರಳು ಬಲೆ ಕಟ್ಟಿ. ಬೆಳಗಿನ ಎಳೆ ಬಿಸಿಲು ಒಂದೆರಡು ತಾಸು ಸಾಕು. ಪೂರ್ತಿ ಕತ್ತಲೆ ಮೂಲೆಯೂ ಬೇಡ, ಆಗ ತೊಟ್ಟು ಮಾತ್ರ ಉದ್ದವಾಗಿ ಎಲೆ ತೆಳ್ಳಗಾಗುತ್ತದೆ.

ಆಮೇಲೆ, ಆಳದ ಕುಂಡ ಇದಕ್ಕೆ ದಂಡ. ಬೇರು ಮೇಲ್ಮಣ್ಣಿನಲ್ಲೇ ಇರುತ್ತದೆ. ಬಳ್ಳಿ ಹರಿಯುತ್ತಾ ಹೋಗಿ ಗೆಣ್ಣು ಗೆಣ್ಣಿಗೆ ಬೇರು ಬಿಡುವ ಜಾತಿ ಇದು. ಗೆಣ್ಣು ಮಣ್ಣಿಗೆ ತಾಗದಿದ್ದರೆ ಹೊಸ ಗಿಡವೇ ಆಗುವುದಿಲ್ಲ. ನಿಮ್ಮ ಕುಂಡದಲ್ಲಿ ಬಳ್ಳಿ ಅಂಚಿನಿಂದ ಹೊರಗೆ ಇಳಿದು ಗಾಳಿಯಲ್ಲಿ ತೂಗುತ್ತಿರಬೇಕು, ಅಲ್ವಾ? ಅಗಲದ ಟಬ್ಬು, ಹಳೇ ಪ್ಲಾಸ್ಟಿಕ್ ಬೋಗುಣಿ, ಯಾವುದಾದರೂ ಆದೀತು. ತಳಕ್ಕೆ ತೂತು ಇರಲಿ. ತೇವ ಬೇಕು ಅಂದರೆ ನೀರು ನಿಂತು ಕೊಳೆಯಬೇಕು ಅಂತಲ್ಲ. ಕೆಂಪು ಮಣ್ಣು, ಪೂರ್ತಿ ಕಳಿತ ಗೊಬ್ಬರ, ಸ್ವಲ್ಪ ತೆಂಗಿನ ನಾರಿನ ಪುಡಿ. ಹೊರಗೆ ಇಳಿದ ಬಳ್ಳಿಯನ್ನು ಒಳಗೆ ಮಡಚಿ, ಗೆಣ್ಣಿನ ಮೇಲೆ ಒಂದು ಸಣ್ಣ ಕಲ್ಲು ಇಡಿ. ಬೇರು ಹಿಡಿದ ಮೇಲೆ ಕತ್ತರಿಸಿ ಬೇರೆ ಕಡೆಗೂ ನೆಡಬಹುದು. ಬೀಜದಿಂದ ಮಾಡುವ ಗೋಜಿಗೆ ಹೋಗಬೇಡಿ, ತುಂಬಾ ನಿಧಾನ.

ಕೊಯ್ಯುವಾಗ ಬುಡಸಮೇತ ಕೀಳಬೇಡಿ. ಬಲಿತ ಎಲೆಯನ್ನು ತೊಟ್ಟಿನ ಸಮೇತ ಉಗುರಿನಿಂದ ಚಿವುಟಿ, ನಡುವಿನ ಎಳೆ ಸುಳಿ ಬಿಡಿ. ಕೊಯ್ದಷ್ಟೂ ಚಿಗುರುತ್ತದೆ.

ಪುತ್ತೂರಿನ ಅಡುಗೆಮನೆ

ನಮ್ಮಲ್ಲಿ ಇದಕ್ಕೆ ತಿಮರೆ ಅನ್ನುತ್ತೇವೆ. ಸಾಗರದ ಅಣ್ಣ ಹೇಳಿದ್ದೆಲ್ಲ ಸರಿ. ನನ್ನದೊಂದು ಸೇರಿಸುತ್ತೇನೆ: ಬಚ್ಚಲಿನ ನೀರು ಹೋಗುವ ಕಡೆ ನೆಟ್ಟರೆ ಇದರಷ್ಟು ಸೊಂಪಾಗಿ ಇನ್ನೆಲ್ಲೂ ಬರುವುದಿಲ್ಲ. ಅಜ್ಜಿಯ ಕಾಲದಿಂದಲೂ ನಮ್ಮ ತಿಮರೆ ಪಾತಿ ಅಲ್ಲೇ. ನೀರು ಹಾಕುವ ಕೆಲಸವೇ ಇಲ್ಲ.

ಚಟ್ನಿ ಮಾಡುವುದು ಹೀಗೆ. ಎರಡು ಹಿಡಿ ತಿಮರೆ ತೊಟ್ಟಿನ ಸಮೇತ ತೊಳೆದುಕೊಳ್ಳಿ. ಒಣಮೆಣಸು ನಾಲ್ಕೈದು ಎಣ್ಣೆಯಲ್ಲಿ ಹುರಿಯಿರಿ. ಒಂದು ಹಿಡಿ ತೆಂಗಿನ ತುರಿ, ಗೋಲಿಯಷ್ಟು ಹುಳಿ, ಉಪ್ಪು. ಎಲ್ಲ ಸೇರಿಸಿ ನೀರು ಕಮ್ಮಿ ಹಾಕಿ ರುಬ್ಬಿ. ಕುಚ್ಚಲಕ್ಕಿ ಗಂಜಿಗೆ ಇದಕ್ಕಿಂತ ಒಳ್ಳೆಯ ಜೊತೆ ಇಲ್ಲ. ಹುರಿದ ಮೆಣಸಿನ ಬದಲು ಗಾಂಧಾರಿ ಮೆಣಸು ಹಾಕಿದರೆ ರುಚಿಯೇ ಬೇರೆ. ಮಕ್ಕಳಿಗೆ ಕೊಡುವುದಾದರೆ ಖಾರ ನೋಡಿಕೊಳ್ಳಿ.

ಸಾಗರದ ತೋಟಿಗ

ಪುತ್ತೂರಿನ ಅಕ್ಕಾ, ಬಚ್ಚಲಿನ ವಿಷಯದಲ್ಲಿ ನಾನು ನಿಮ್ಮ ಮಾತು ಒಪ್ಪುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಇದು ಮುಖ್ಯ ಅನ್ನಿಸಿ ಬರೆಯುತ್ತಿದ್ದೇನೆ.

ಅಜ್ಜಿಯ ಕಾಲದ ಬಚ್ಚಲಿನಲ್ಲಿ ಏನು ಹರಿಯುತ್ತಿತ್ತು? ಸೀಗೆಪುಡಿ, ಕಡ್ಲೆಹಿಟ್ಟು, ಪಾತ್ರೆ ತಿಕ್ಕಿದ ಬೂದಿ. ಈಗ ಹರಿಯುವುದು ಶಾಂಪೂ, ಬಟ್ಟೆ ಸೋಪಿನ ಪುಡಿ, ನೆಲ ಒರೆಸುವ ಫಿನಾಯಿಲ್, ಟೈಲ್ಸ್ ತೊಳೆಯುವ ಆಸಿಡ್. ಜಾಗ ಅದೇ, ನೀರು ಅದಲ್ಲ. ಈ ಗಿಡದ ಗುಣ ಏನಂದರೆ ಮಣ್ಣಿನಲ್ಲಿ ಸೀಸ, ಕ್ಯಾಡ್ಮಿಯಂನಂಥ ಲೋಹ ಇದ್ದರೆ ಬೇರಿನಿಂದ ಎಳೆದು ಎಲೆಗೂ ತಂದುಕೊಳ್ಳುತ್ತದೆ. ಗಿಡ ಬಾಡುವುದಿಲ್ಲ, ಹಸಿರಾಗೇ ಇರುತ್ತದೆ. ನೋಡಿ ಗುರುತಿಸಲು ಆಗುವುದಿಲ್ಲ.

ಇನ್ನೊಂದು ಮಾತು, ತಿಮರೆಯನ್ನು ನಾವು ಬೇಯಿಸುವುದಿಲ್ಲ. ಹರಿವೆ, ಬಸಳೆಯಾದರೆ ಕುದಿಯುತ್ತದೆ. ಇದು ಹಸಿಯಾಗಿಯೇ ಹೊಟ್ಟೆಗೆ ಹೋಗುತ್ತದೆ. ನೆಲಕ್ಕೆ ಅಂಟಿಕೊಂಡ ಎಲೆ ಬೇರೆ. ಕೊಳಕು ನೀರಿನಲ್ಲಿರುವ ಜಂತುಹುಳುವಿನ ಮೊಟ್ಟೆ, ಆಮಶಂಕೆ ತರುವ ಕ್ರಿಮಿ ಎಲ್ಲ ಸೀದಾ ಬಟ್ಟಲಿಗೆ ಬರುತ್ತದೆ. ಅದಕ್ಕೇ ನಾನು ಈ ಪಾತಿಗೆ ಹಸಿ ಸಗಣಿ ಹಾಕುವುದಿಲ್ಲ, ಸಗಣಿ, ಗಂಜಲ ಕಲಸಿ ಮಾಡುವ ಜೀವಾಮೃತವನ್ನು ಎಲೆಯ ಮೇಲೆ ಎರಚುವುದಿಲ್ಲ. ಕಳಿತ ಗೊಬ್ಬರವನ್ನು ಬುಡಕ್ಕೆ ಮಾತ್ರ ಕೊಡುತ್ತೇನೆ.

ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಬಿಡಿ. ಅದು ಒಳ್ಳೆಯದೇ.

ಪುತ್ತೂರಿನ ಅಡುಗೆಮನೆ

ಬೇಜಾರು ಯಾಕೆ ಅಣ್ಣ. ನೀವು ಹೇಳುವುದರಲ್ಲಿ ಹುರುಳಿದೆ. ನಮ್ಮ ಬಚ್ಚಲಿಗೆ ವಾಶಿಂಗ್ ಮೆಷಿನ್ ಪೈಪನ್ನೂ ಬಿಟ್ಟಿದ್ದೇವೆ. ಪಾತಿಯನ್ನು ಬಾವಿಯ ಹತ್ತಿರಕ್ಕೆ ಬದಲಾಯಿಸುತ್ತೇನೆ. ಬಳ್ಳಿಯನ್ನು ಅಲ್ಲಿಂದಲೇ ತೆಗೆದುಕೊಂಡು ಹೋಗಬಹುದಾ, ಹೊಸದು ತರಬೇಕಾ?

ಸಾಗರದ ತೋಟಿಗ

ಅದೇ ಬಳ್ಳಿ ಸಾಕು. ಹಳೆ ಮಣ್ಣು ತೊಳೆದು ನೆಡಿ. ಈಗಿರುವ ಎಲೆಗಳನ್ನೆಲ್ಲ ಚಿವುಟಿ ಬಿಸಾಡಿ, ಹೊಸ ಜಾಗದಲ್ಲಿ ಬಂದ ಎಲೆಯನ್ನು ಮಾತ್ರ ಅಡುಗೆಗೆ ತೆಗೆದುಕೊಳ್ಳಿ.

ಮೈಸೂರು ಕೈತೋಟ

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನರ್ಸರಿಯಲ್ಲಿ ಬ್ರಾಹ್ಮಿ ಕೊಡಿ ಅಂದಾಗ ಕೊಟ್ಟ ಗಿಡದ ಎಲೆ ಗುಂಡಗಿಲ್ಲ. ಸಣ್ಣ ಸಣ್ಣ, ದಪ್ಪ, ಎದುರುಬದುರು ಜೋಡಿ ಎಲೆ. ಹೂವು ಬಿಳಿ, ಚೂರು ನೇರಳೆ ಛಾಯೆ. ತಿಂದು ನೋಡಿದರೆ ವಿಪರೀತ ಕಹಿ. ಇದು ಒಂದೆಲಗವಾ?

ಶಿರಸಿಯ ವೈದ್ಯೆ

ಅಲ್ಲ. ನಿಮ್ಮಲ್ಲಿರುವುದು ನೀರುಬ್ರಾಹ್ಮಿ, ಬಕೋಪ. ಅದೂ ಔಷಧಿ ಗಿಡವೇ, ಕೆಸರಿನಲ್ಲಿ ಚೆನ್ನಾಗಿ ಬರುತ್ತದೆ. ಬ್ರಾಹ್ಮಿ ಅಂತ ಎರಡನ್ನೂ ಮಾರುತ್ತಾರೆ, ಆದರೆ ತಂಬುಳಿಗೆ ಬೇಕಾದ್ದು ಒಂದೆಲಗ. ಶಾಸ್ತ್ರದಲ್ಲಿ ಅದು ಮಂಡೂಕಪರ್ಣಿ. ಕೊತ್ತಂಬರಿ, ಕ್ಯಾರೆಟ್ ಇರುವ ಕುಟುಂಬದ್ದು.

ಒಂದೆಲಗ ಗುರುತಿಸುವುದು ಕಷ್ಟವಲ್ಲ. ಎಲೆ ಮೂತ್ರಪಿಂಡದ ಆಕಾರ, ಅಂಚಿಗೆ ಸಣ್ಣ ಮೊಂಡು ಹಲ್ಲು. ತೊಟ್ಟು ಬಂದು ಸೇರುವಲ್ಲಿ ಎಲೆ ಒಳಕ್ಕೆ ಸೀಳಿರುತ್ತದೆ. ಎಲೆಯ ಕೆಳಗೆ, ಮಣ್ಣಿನ ಹತ್ತಿರ ಬೆರಳಿನಿಂದ ಸರಿಸಿ ನೋಡಿದರೆ ನಸುಗೆಂಪು ಬಣ್ಣದ ಚಿಕ್ಕ ಹೂವಿನ ಗುಚ್ಛ ಸಿಗುತ್ತದೆ. ಮೇಲಿಂದ ಕಾಣುವುದೇ ಇಲ್ಲ. ಈಗ ನರ್ಸರಿಗಳಲ್ಲಿ ನೀರಿನ ತೊಟ್ಟಿಗೆ ಅಂತ ಮಾರುವ ಒಂದು ಗುಂಡೆಲೆಯ ಗಿಡ ಇದೆ. ಅದರಲ್ಲಿ ತೊಟ್ಟು ಎಲೆಯ ನಟ್ಟನಡುವಿಗೆ ಅಂಟಿರುತ್ತದೆ, ಸೀಳು ಇರುವುದಿಲ್ಲ, ಕೊಡೆ ಹಿಡಿದ ಹಾಗೆ. ಅದು ಅಂದದ ಗಿಡ, ಅಡುಗೆಗೆ ಬೇಡ. ಹಳದಿ ಹೂ ಬಿಡುವ ಇಲಿಕಿವಿ ಬಳ್ಳಿಯ ಎಲೆಯೂ ಹೀಗೇ ಕಾಣುತ್ತದೆ. ಹೂವು ನೋಡುವವರೆಗೆ ತಾಳ್ಮೆ ಇರಲಿ. ಗೊತ್ತಿಲ್ಲದ ಜಾಗದಿಂದ ಗೊತ್ತಿಲ್ಲದ ಎಲೆ ಕಿತ್ತು ತಿನ್ನಬೇಡಿ.

ಶಿವಮೊಗ್ಗ ರಸ್ತೆ

ನಮ್ಮ ಮನೆಯಲ್ಲಿ ಎಲ್ಲರೂ ದಿನಾ ಅರ್ಧ ಲೋಟ ರಸ ಕುಡಿಯುತ್ತೇವೆ. ನೆನಪಿನ ಶಕ್ತಿ, ನಿದ್ದೆ, ಬಿಪಿ, ಮೂರ್ಛೆರೋಗ ಎಲ್ಲಕ್ಕೂ ಇದೇ ಮದ್ದು. ಇಂಗ್ಲಿಷ್ ಮಾತ್ರೆಯೇ ಬೇಡ. ಅಕ್ಕ, ಧೈರ್ಯವಾಗಿ ಮಗನಿಗೆ ಕುಡಿಸಿ. ಪ್ರಕೃತಿಯದ್ದು ಏನೂ ಮಾಡುವುದಿಲ್ಲ.

ಶಿರಸಿಯ ವೈದ್ಯೆ

ಈ ಮಾತಿಗೆ ಉತ್ತರ ಕೊಡದೆ ಹೋದರೆ ತಪ್ಪಾಗುತ್ತದೆ. ನಾನು ಆಯುರ್ವೇದ ಓದಿ, ಅದರಲ್ಲೇ ಕೆಲಸ ಮಾಡುತ್ತಿರುವವಳು. ಈ ಗಿಡದ ಮೇಲೆ ನನಗೆ ಪ್ರೀತಿ ಇದೆ. ಅದಕ್ಕೇ ಹೇಳುತ್ತೇನೆ.

ಮೊದಲು ಮೂರ್ಛೆರೋಗ. ಆ ಮಾತ್ರೆಯನ್ನು ಯಾರೂ ತಾವಾಗಿ ನಿಲ್ಲಿಸಬೇಡಿ. ಏಕಾಏಕಿ ನಿಲ್ಲಿಸಿದರೆ ಒಂದರ ಮೇಲೊಂದು ಫಿಟ್ಸ್ ಬಂದು ಜೀವಕ್ಕೇ ಅಪಾಯ. ಬಿಪಿ ಮಾತ್ರೆಯೂ ಅಷ್ಟೇ. ಒಂದೆಲಗ ಅದರ ಬದಲಿ ಅಲ್ಲ.

ನೆನಪಿನ ಶಕ್ತಿಯ ಮಾತು ಎಲ್ಲಿಂದಲೋ ಹುಟ್ಟಿದ್ದಲ್ಲ. ಚರಕ ಸಂಹಿತೆ ನಾಲ್ಕು ಮೇಧ್ಯ ರಸಾಯನ, ಅಂದರೆ ಬುದ್ಧಿಗೆ ಬಲ ಕೊಡುವ ಮದ್ದು, ಹೇಳುತ್ತದೆ: ಮಂಡೂಕಪರ್ಣಿಯ ರಸ, ಹಾಲಿನ ಜೊತೆ ಜೇಷ್ಠಮಧುವಿನ ಪುಡಿ, ಅಮೃತಬಳ್ಳಿಯ ರಸ, ಶಂಖಪುಷ್ಪಿಯ ಕಲ್ಕ (ಅರೆದ ಮುದ್ದೆ). ಆದರೆ ಚರಕ ಅದನ್ನು ಹೇಳುವುದು ರಸಾಯನ ಚಿಕಿತ್ಸೆಯಲ್ಲಿ. ಆಳು ನೋಡಿ, ಅವರ ಜೀರ್ಣಶಕ್ತಿ ನೋಡಿ, ಅಳತೆ ನೋಡಿ ಕೊಡುವ ಪದ್ಧತಿ ಅದು. ಮನೆಮಂದಿಗೆಲ್ಲ ಒಂದೇ ಲೋಟದಲ್ಲಿ ಅಳೆದು ಹಂಚುವುದಲ್ಲ. ಈಗಿನ ಪರೀಕ್ಷೆಗಳು ಏನು ಹೇಳುತ್ತವೆ ಅಂದರೆ, ಮನುಷ್ಯರ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದ ವಿಮರ್ಶೆಯೊಂದು 2017ರಲ್ಲಿ ಬಂತು. ನೆನಪು, ಗ್ರಹಿಕೆ ಹೆಚ್ಚುತ್ತದೆ ಅನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ಚುರುಕಾಗಿರುವ ಭಾವ, ಸಿಟ್ಟು ತುಸು ಕಮ್ಮಿ, ಇಂಥ ಲಾಭ ಇರಬಹುದು ಅಂತ ಕಂಡಿತು. ಇನ್ನೂ ಒಳ್ಳೆಯ ಪ್ರಯೋಗ ಆಗಬೇಕಿದೆ. ಗಾಯ ಮಾಯುವ ವಿಷಯದಲ್ಲಿ ಇದರ ಹೆಸರು ಇನ್ನೂ ಗಟ್ಟಿ. ಎಲೆಯಲ್ಲಿರುವ ಏಷಿಯಾಟಿಕೋಸೈಡ್ ಅನ್ನುವ ಅಂಶ ಬಹಳ ವರ್ಷಗಳಿಂದ ಮುಲಾಮಿಗೆ ಹೋಗುತ್ತಿದೆ. ಈಗ ಹುಡುಗಿಯರು ಕೊಳ್ಳುವ ಕೊರಿಯಾದ ಸಿಕಾ ಕ್ರೀಮೂ ಇದೇ ಒಂದೆಲಗದ್ದು.

"ಪ್ರಕೃತಿಯದ್ದು ಏನೂ ಮಾಡುವುದಿಲ್ಲ" ಅನ್ನಬೇಡಿ. 2005ರಲ್ಲಿ ಅರ್ಜೆಂಟೀನಾದ ವೈದ್ಯರು ಮೂವರು ಹೆಂಗಸರ ವಿಷಯ ಬರೆದರು. ಒಂದೆಲಗದ ಮಾತ್ರೆಯನ್ನು 20ರಿಂದ 60 ದಿನ ನುಂಗಿದ ಮೇಲೆ ಮೂವರಿಗೂ ಕಾಮಾಲೆ ಬಂದಿತ್ತು. ಮಾತ್ರೆ ನಿಲ್ಲಿಸಿದ ಮೇಲೆ ಸುಧಾರಿಸಿದರು. ಅವರು ತಿಂದದ್ದು ಚಟ್ನಿಯಲ್ಲ, ಗಟ್ಟಿ ಮಾಡಿದ ಸಾರದ ಮಾತ್ರೆ. ಹಾಗಾಗಿ ತಂಬುಳಿ ತಿನ್ನುವವರು ಹೆದರಬೇಕಾಗಿಲ್ಲ. ಆದರೆ ದಿನಾ ಅರ್ಧ ಲೋಟ ರಸ ಅಂದರೆ ಅದು ಅಡುಗೆಯ ಅಳತೆ ದಾಟಿ ಮದ್ದಿನ ಅಳತೆಗೆ ಬಂತು. ಲಿವರ್ ತೊಂದರೆ ಇರುವವರು, ಬಸುರಿಯರು, ನಿದ್ದೆ ಮಾತ್ರೆ ಅಥವಾ ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರು ಆ ಅಳತೆಗೆ ಕೈ ಹಾಕಬೇಡಿ.

ಮಲ್ಲೇಶ್ವರದ ಅಕ್ಕಾ, ಮಗನಿಗೆ ವಾರಕ್ಕೆ ಎರಡು ಸಲ ಊಟದಲ್ಲಿ ತಂಬುಳಿ ಬಡಿಸಿ. ಖಾಲಿ ಹೊಟ್ಟೆಯ ರಸ ಬೇಡ. ಪರೀಕ್ಷೆಯ ಹೊತ್ತಿಗೆ ಅವನಿಗೆ ಬೇಕಾದ್ದು ಒಳ್ಳೆಯ ನಿದ್ದೆ. ಅತ್ತೆಯವರಿಗೆ ಬೇಸರವಾಗದ ಹಾಗೆ ಹೇಳಿ, ಅವರ ಕೈಯಲ್ಲೇ ತಂಬುಳಿ ಮಾಡಿಸಿ.

ಶಿವಮೊಗ್ಗ ರಸ್ತೆ

ನಮ್ಮ ಮನೆಯಲ್ಲಿ ಯಾರಿಗೂ ಇದುವರೆಗೆ ಏನೂ ಆಗಿಲ್ಲ ಮೇಡಂ. ಅಪ್ಪ 80 ದಾಟಿದ್ದಾರೆ, ಇನ್ನೂ ಚುರುಕು.

ಶಿರಸಿಯ ವೈದ್ಯೆ

ಕೇಳಿ ಸಂತೋಷವಾಯಿತು. ಅವರು ಹಾಗೇ ಇರಲಿ. ನಿಮ್ಮ ಮನೆಗೆ ಆಗಿಬಂದದ್ದನ್ನು ಗೊತ್ತಿಲ್ಲದ ಮನೆಯ ಮಗುವಿಗೆ ಹೇಳುವಾಗ ಹುಷಾರಾಗಿರಬೇಕು ಅಂತಷ್ಟೇ ನನ್ನ ಮಾತು. ಅಪ್ಪನವರ ಲಿವರ್ ಪರೀಕ್ಷೆ ವರ್ಷಕ್ಕೊಮ್ಮೆ ಮಾಡಿಸಿ. ರಸ ಕುಡಿಯುವ ವಿಷಯವನ್ನು ಅವರ ಡಾಕ್ಟರಿಗೂ ತಿಳಿಸಿ. ಎಷ್ಟೋ ಜನ ಮನೆಮದ್ದಿನ ಸುದ್ದಿಯನ್ನೇ ಡಾಕ್ಟರ ಎದುರು ಎತ್ತುವುದಿಲ್ಲ.

ಕಾರ್ಕಳದ ಗದ್ದೆ

ನನ್ನ ನೋವು ಬೇರೆ. ನಮ್ಮ ಗದ್ದೆ ಹುಣಿಯಲ್ಲಿ, ಅಂದರೆ ಬದುವಿನಲ್ಲಿ, ತಿಮರೆ ಈಗ ಹುಡುಕಿದರೂ ಇಲ್ಲ. ಮೊದಲು ಹುಣಿ ಕೆತ್ತುತ್ತಿದ್ದರು. ಕೆತ್ತಿದರೆ ಬೇರಿನ ಚೂರು ಉಳಿದು ಮಳೆಗೆ ಮತ್ತೆ ಬರುತ್ತಿತ್ತು. ಈಗ ಆಳು ಸಿಗುವುದಿಲ್ಲ ಅಂತ ಅಕ್ಕಪಕ್ಕದವರೆಲ್ಲ ಕಳೆನಾಶಕ ಹೊಡೆಯುತ್ತಾರೆ. ತಿಮರೆ, ನೆಲನೆಲ್ಲಿ, ಪುಳ್ಳಂಪುರಚಿ, ಗರುಗ ಎಲ್ಲ ಒಟ್ಟಿಗೇ ಸುಟ್ಟು ಹಳದಿಯಾಗುತ್ತದೆ. ಇದೆಲ್ಲ ಅಡುಗೆಮನೆಗೆ ಬರುತ್ತಿದ್ದ ಗಿಡ. ಔಷಧಿ ಹೊಡೆದದ್ದು ತಿಳಿಯದೆ ಯಾರಾದರೂ ಕೊಯ್ದು ತಿಂದರೆ ಏನು ಗತಿ?

ನಾನು ಹುಣಿಯ ಒಂದು ಬದಿಗೆ ಮೆಷಿನ್ ಮಾತ್ರ ಓಡಿಸುತ್ತೇನೆ. ಹುಲ್ಲು ಕೊಚ್ಚಿದ ಮೇಲೆ ನೆಲಕ್ಕಂಟಿದ ತಿಮರೆ ಉಳಿದುಕೊಳ್ಳುತ್ತದೆ. ಎತ್ತರದ ಹುಲ್ಲು ಹೋದದ್ದೇ ಅದಕ್ಕೆ ಅನುಕೂಲ. ತೋಟ ಇರುವವರು ದಯವಿಟ್ಟು ಒಂದು ಮೂಲೆಯನ್ನಾದರೂ ಹೀಗೆ ಬಿಡಿ. ಪೇಟೆಯವರು ರಸ್ತೆ ಬದಿಯಿಂದ, ಯಾರದ್ದೋ ತೋಟದಿಂದ ಕೊಯ್ಯುವಾಗ ಔಷಧಿ ಹೊಡೆದಿದ್ದೀರಾ ಅಂತ ಕೇಳಿಯೇ ಕೈ ಹಾಕಿ.

ಸಾಗರದ ತೋಟಿಗ

ನಿಮ್ಮ ಮಾತಿಗೆ ನನ್ನದೂ ಸಹಿ. ನಮ್ಮೂರಿನ ತೋಟಗಳಲ್ಲೂ ಇದೇ ಕಥೆ. ಅಡಿಕೆ ಬುಡದಲ್ಲಿ ಒಂದೆಲಗ ಹಬ್ಬಿದರೆ ಅದು ಕಳೆಯಲ್ಲ, ಹೊದಿಕೆ. ಮಣ್ಣು ಕೊಚ್ಚಿಹೋಗುವುದು ತಡೆಯುತ್ತದೆ, ತೇವ ಹಿಡಿದಿಡುತ್ತದೆ. ಬೇರು ಮೇಲೇ ಇರುವುದರಿಂದ ಅಡಿಕೆಗೆ ತೊಂದರೆಯಿಲ್ಲ.

ಬೆಂಗಳೂರಿನವರಿಗೂ ಒಂದು ಮಾತು. ಮಾರುಕಟ್ಟೆಯಲ್ಲಿ ಕಟ್ಟು ಕಟ್ಟಿ ಮಾರುವ ಒಂದೆಲಗ ಯಾವ ನೀರಿನಲ್ಲಿ ಬೆಳೆದದ್ದು ಅಂತ ಕೇಳಿ. ವೃಷಭಾವತಿ ನದಿಯಲ್ಲಿ ಹರಿಯುವುದು ನಗರದ ಕೊಳಚೆ, ಕಾರ್ಖಾನೆಯ ನೀರು. ಅದು ಬೈರಮಂಗಲ ಕೆರೆಗೆ ಸೇರಿ ಅಲ್ಲಿನ ಹೊಲಗಳಿಗೂ ಹೋಗುತ್ತದೆ. ಹಸಿಯಾಗಿ ತಿನ್ನುವ ಸೊಪ್ಪಾದರೆ ಒಂದು ಬೋಗುಣಿಯಷ್ಟು ನೀವೇ ಬೆಳೆಯಿರಿ. ನಾಲ್ಕು ಜನರ ಮನೆಗೆ ವಾರಕ್ಕೊಂದು ತಂಬುಳಿಗೆ ಎರಡು ಅಗಲದ ಟಬ್ಬು ಸಾಕು.

ಮೆಲ್ಬರ್ನ್ ಕನ್ನಡತಿ

ಇಲ್ಲಿನ ನರ್ಸರಿಗಳಲ್ಲಿ ಒಂದೆಲಗ ಸುಲಭವಾಗಿ ಸಿಗುತ್ತದೆ. ಸಂಧಿವಾತದ ಗಿಡ ಅಂತ ಹೆಸರು ಬರೆದು ಮಾರುತ್ತಾರೆ. ದಿನಕ್ಕೆ ಎರಡು ಎಲೆ ತಿಂದರೆ ಮಂಡಿನೋವು ಹೋಗುತ್ತದೆ ಅಂತ ಇಲ್ಲಿ ಪ್ರತೀತಿ. ಶ್ರೀಲಂಕಾದವರ ಅಂಗಡಿಯಲ್ಲಿ ಗೊಟುಕೊಲ ಅಂತ ತಾಜಾ ಕಟ್ಟೂ ಸಿಗುತ್ತದೆ. ಅವರು ಸಣ್ಣಗೆ ಹೆಚ್ಚಿ, ತೆಂಗಿನ ತುರಿ, ಸಣ್ಣ ಈರುಳ್ಳಿ, ಹಸಿಮೆಣಸು, ನಿಂಬೆರಸ ಹಾಕಿ ಕಲಸುತ್ತಾರೆ. ರುಬ್ಬುವ ಕೆಲಸವಿಲ್ಲ. ನಮ್ಮ ಮಕ್ಕಳಿಗೆ ಅದೇ ಹೆಚ್ಚು ಇಷ್ಟ. ಮಂಜು ಬೀಳುವ ತಿಂಗಳುಗಳಲ್ಲಿ ಕುಂಡವನ್ನು ಕಿಟಕಿಯ ಒಳಗೆ ತಂದಿಡುತ್ತೇನೆ. ಮೇಲಿನ ಎಲೆ ಹೋದರೂ ಬುಡ ಬದುಕಿದ್ದರೆ ಬೆಚ್ಚಗಾದ ಮೇಲೆ ಚಿಗುರುತ್ತದೆ.

ಯಾರಾದರೂ ಮಲೆನಾಡಿನ ತಂಬುಳಿಯ ಕ್ರಮ ಪೂರ್ತಿ ಬರೆಯುತ್ತೀರಾ? ನಾನು ಮಾಡಿದ್ದು ಕಹಿ ಬರುತ್ತದೆ.

ಮಲ್ಲೇಶ್ವರದ ಬಾಲ್ಕನಿ

ಇದನ್ನು ನಾನೇ ಬರೆಯುತ್ತೇನೆ, ಇಷ್ಟೆಲ್ಲ ಕಲಿಸಿದ್ದೀರಿ. ಇದು ನಮ್ಮ ಅತ್ತೆಯವರ ಕ್ರಮ, ಅವರ ಪಕ್ಕದಲ್ಲೇ ಕೂತು ಕೇಳಿ ಬರೆಯುತ್ತಿದ್ದೇನೆ.

ಒಂದು ಹಿಡಿ ಎಲೆ. ಹರಿಯುವ ನೀರಿನಲ್ಲಿ ಒಂದೊಂದೇ ಎಲೆ ಮಗುಚಿ ತೊಳೆಯಬೇಕು, ಮಣ್ಣು ತೊಟ್ಟಿನ ಬುಡದಲ್ಲಿ ಕೂತಿರುತ್ತದೆ. ಬಾಣಲೆಗೆ ಒಂದು ಚಮಚ ತುಪ್ಪ, ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು. ಜೀರಿಗೆ ಘಂ ಅಂದ ಮೇಲೆ ಒಲೆ ಆರಿಸಿ, ಆ ಬಿಸಿಯಲ್ಲೇ ಎಲೆ ಹಾಕಿ ಒಮ್ಮೆ ಬಾಡಿಸಬೇಕು. ಕಹಿ ಬರುವುದು ಎಲೆ ತೀರಾ ಬಲಿತಿದ್ದರೆ, ಇಲ್ಲಾ ಕಾಯಿ ಕಮ್ಮಿಯಾದರೆ. ಒಂದು ಹಿಡಿ ಎಲೆಗೆ ಒಂದು ಹಿಡಿ ಕಾಯಿತುರಿ ಬೇಕು. ಎಲ್ಲ ನುಣ್ಣಗೆ ರುಬ್ಬಿ, ಹುಳಿಯಿಲ್ಲದ ಗಟ್ಟಿ ಮಜ್ಜಿಗೆ, ಉಪ್ಪು ಸೇರಿಸಿ. ಮೇಲೆ ತುಪ್ಪದಲ್ಲಿ ಸಾಸಿವೆ, ಒಂದು ಬ್ಯಾಡಗಿ ಮೆಣಸಿನ ಒಗ್ಗರಣೆ. ಆಮೇಲೆ ಬಿಸಿ ಮಾಡಬಾರದು, ಮಜ್ಜಿಗೆ ಒಡೆಯುತ್ತದೆ. ಊಟದ ಮೊದಲಿಗೆ ಬಿಸಿ ಅನ್ನಕ್ಕೆ ಕಲಸಿಕೊಳ್ಳಬೇಕು.

ರಸದ ವಿಷಯ ಅತ್ತೆಯವರಿಗೆ ಹೇಳಿದೆ. ಅರ್ಜೆಂಟೀನಾದ ಸುದ್ದಿಯನ್ನು ಎರಡು ಸಲ ಓದಿಸಿಕೊಂಡು, ಆಯಿತು ತಂಬುಳಿಯೇ ಮಾಡೋಣ ಅಂದರು. ಕುಂಡವನ್ನು ಕರಿಬೇವಿನ ಗಿಡದ ಕೆಳಗೆ ಸರಿಸಿದ್ದೇನೆ.

ಮೈಸೂರು ಕೈತೋಟ

ಎಲ್ಲರಿಗೂ ಧನ್ಯವಾದ. ಕೊನೆಯ ಪ್ರಶ್ನೆ. ಮಳೆಗಾಲದಲ್ಲಿ ಜಾಸ್ತಿ ಬಂದಾಗ ಒಣಗಿಸಿ ಪುಡಿ ಮಾಡಿ ಇಟ್ಟುಕೊಳ್ಳಬಹುದಾ? ಆಮೇಲೆ ಮಳೆಗಾಲದಲ್ಲಿ ಎಲೆ ತೂತು ತೂತಾಗುತ್ತದಂತೆ, ಅದಕ್ಕೇನು ಮಾಡುವುದು?

ಪುತ್ತೂರಿನ ಅಡುಗೆಮನೆ

ತೂತು ಮಾಡುವುದು ಹೆಚ್ಚಾಗಿ ಬಸವನಹುಳು. ರಾತ್ರಿ ಟಾರ್ಚ್ ಹಿಡಿದು ಹೋದರೆ ಎಲೆಯ ಅಡಿಯಲ್ಲೇ ಸಿಗುತ್ತದೆ, ಹೆಕ್ಕಿ ಉಪ್ಪುನೀರಿಗೆ ಹಾಕಿ. ಅದರ ಲೋಳೆ ಹತ್ತಿದ ಎಲೆಯನ್ನು ಹಸಿ ತಿನ್ನಬೇಡಿ, ಬಿಸಾಡಿ.

ಪುಡಿ ಮಾಡಬಹುದು. ನೆರಳಿನಲ್ಲಿ, ಗಾಳಿಯಾಡುವಲ್ಲಿ, ತೆಳ್ಳಗೆ ಹರಡಿ ಒಣಗಿಸಬೇಕು. ಮಳೆಗಾಲದಲ್ಲಿ ಬೂಸಲು ಬರುತ್ತದೆ, ಅದೇ ಕಷ್ಟ. ಪುಡಿಯ ತಂಬುಳಿಗೆ ಹಸಿ ಎಲೆಯ ರುಚಿ ಇರುವುದಿಲ್ಲ. ನಾನು ಎಲೆಯನ್ನು ಮಾತ್ರ ಚೂರು ನೀರು ಹಾಕಿ ರುಬ್ಬಿ ಐಸ್ ಟ್ರೇಯಲ್ಲಿ ಇಡುತ್ತೇನೆ. ಬೇಕಾದಾಗ ಎರಡು ಗಟ್ಟಿ ತೆಗೆದು ಕಾಯಿಯ ಜೊತೆ ರುಬ್ಬಿದರೆ ಚಟ್ನಿ ತಯಾರು. ಕಾಯಿ ಸೇರಿಸಿ ಫ್ರೀಜ್ ಮಾಡಬೇಡಿ, ವಾಸನೆ ಬರುತ್ತದೆ.